ಬ್ಲಫ್‌ನ ದಂಡೆಯಲ್ಲಿ ರೋಹಿಣಿ

ಬೆಳಗಿನ ಜಾವ ನಾಲ್ಕೂವರೆ. ಜಗಲಿ ಮೇಲೆ ಒಂದು ಚಾಪೆ, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಚಾಪೆ ನಿಮಗೆ. ಕುರ್ಚಿಯಲ್ಲಿ ಅವರು ಆಗಲೇ ಕೂತಿದ್ದಾರೆ: ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ವೈಶಾಖದ ಹುಣ್ಣಿಮೆಯ ಚಂದ್ರ ಪಡುವಣಕ್ಕೆ ಇಳಿದಿದ್ದಾನೆ. ಒಳಗೆ ಅಡುಗೆಮನೆಯಲ್ಲಿ ಅವರ ಹೆಂಡತಿ ಪಾತ್ರೆ ಎತ್ತಿಡುತ್ತಿದ್ದಾರೆ. ಬೇಕೆಂದೇ ಸ್ವಲ್ಪ ಜೋರಾಗಿ ಎತ್ತಿಡುತ್ತಿದ್ದಾರೆ ಎಂದು ನಿಮಗೆ ಅನುಮಾನ.

"ಮೂಗಿನ ತುದೀಲಿ ಗಾಳಿ ಬತ್ತದೆ, ಓಯ್ತದೆ. ಅದ ನೋಡಿ ಸಾ. ಅಷ್ಟೆಯ."

ಉಪದೇಶ ಮುಗಿಯಿತು. ನೀವು ಕಣ್ಣು ಮುಚ್ಚುತ್ತೀರಿ. ಮೊದಲು ಗಮನಕ್ಕೆ ಬರುವುದು ಉಸಿರಲ್ಲ, ಸೊಳ್ಳೆ. ಆಮೇಲೆ ಎಡಗಾಲಿನ ಗಿಣ್ಣು. ಆಮೇಲೆ ನಿನ್ನೆ ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಚಿಲ್ಲರೆ ಕೊಡದೆ ಹೋದ ಕಂಡಕ್ಟರು. ಎರಡು ಉಸಿರು ನೋಡಿದಿರಿ, ಮೂರನೆಯದು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಷ್ಟರಲ್ಲಿ ನೀವು ಮನೆಯ ಸಾಲದ ಕಂತಿನ ಲೆಕ್ಕಕ್ಕೆ ಇಳಿದಿದ್ದೀರಿ. ತೊಡೆ ಜುಮ್ಮೆನ್ನುತ್ತದೆ, ಪಾದ ನಿಮ್ಮದಲ್ಲ ಅನ್ನಿಸತೊಡಗುತ್ತದೆ. ಕದ್ದು ಕಣ್ಣು ತೆರೆದು ನೋಡುತ್ತೀರಿ. ಅವರು ಅಲ್ಲಾಡಿಲ್ಲ. ಗೊರಕೆಯೂ ಇಲ್ಲ, ಅಂದರೆ ನಿದ್ದೆಯಲ್ಲ. ಕೆನ್ನೆ ಮೇಲೆ ಸೊಳ್ಳೆ ಕೂತಿದೆ. ಕೈ ಎತ್ತುವುದಿಲ್ಲ, ಕೊಲ್ಲಬಾರದೆಂಬುದು ಬುದ್ಧನ ಮೊದಲನೆಯ ಶೀಲ.

ಮೊಬೈಲಿನಲ್ಲಿ ಅಲಾರಂ ಹೊಡೆದಾಗ ನಿಮ್ಮ ಬಾಯಿಂದ ಒಂದು ಜಾಣಮಾತು ಹೊರಡುತ್ತದೆ. ರಾತ್ರಿಯೆಲ್ಲ ಯೋಚಿಸಿ ಇಟ್ಟುಕೊಂಡ ಮಾತು: ಪವರ್‌ಹೌಸಿನಲ್ಲಿ ಇಷ್ಟು ವರ್ಷ ಮೀಟರು ನೋಡುತ್ತಾ ಕೂತವರಿಗೆ ಉಸಿರು ನೋಡುವುದು ಹೊಸದೇನಲ್ಲ ಅಲ್ಲವೇ? ಗಂಟೆಗೊಮ್ಮೆ ರೀಡಿಂಗ್, ಲಾಗ್‌ಶೀಟ್, ಅದೇ ತಾಳ್ಮೆ...

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ನಗುತ್ತಾರೆ. "ಅದು ಭಯ ಸಾ. ಬೇರಿಂಗು ಬಿಸಿ ಆಯ್ತಾ, ಮಿಶಿನ್ ಟ್ರಿಪ್ ಆಯ್ತಾ ಅಂತ ನೋಡ್ತಿದ್ದೋ. ಬಿಸಿ ಆದ್ರೆ ಓಡ್ಬೇಕು, ಫೋನ್ ಮಾಡ್ಬೇಕು, ಮೆಮೊ ಬತ್ತದೆ. ಇಲ್ಲಿ ಬಿಸಿ ಆದ್ರೆ ಸುಮ್ನೆ ನೋಡು ಅಂತಾರೆ. ಎರಡೂ ಒಂದೇ ಎಂಗಾಯ್ತದೆ?"

ನಿಮ್ಮ ಹೋಲಿಕೆ ಅಲ್ಲಿಗೆ ಬಿತ್ತು. ಬರೆಯುವವರಿಗೆ ಒಳ್ಳೆಯ ಪಾಠ.

ಊರಿನಲ್ಲಿ ಅವರನ್ನು ಇವತ್ತಿಗೂ 'ಆಪ್ರೇಟ್ರು' ಎಂದೇ ಕರೆಯುತ್ತಾರೆ. ನಿಜವಾದ ಹೆಸರು ಇಲ್ಲಿ ಬೇಡ. ಕಾವೇರಿಯ ಈ ದಡ ಆ ದಡದಲ್ಲಿ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರದ ಕಡೆಗಳಲ್ಲಿ, ನಿವೃತ್ತಿಯಾದ ಮೇಲೆ ಬುದ್ಧನ ಹಾದಿಗೆ ಬಂದ ಮೇಷ್ಟ್ರುಗಳು, ಗುಮಾಸ್ತರು, ನರ್ಸಮ್ಮಂದಿರು, ಬಸ್ ಡ್ರೈವರುಗಳು ಇದ್ದಾರೆ. ಅವರೆಲ್ಲರಿಂದ ಸ್ವಲ್ಪ ಸ್ವಲ್ಪ ತೆಗೆದು ಈ ಕುರ್ಚಿಯ ಮೇಲೆ ಕೂರಿಸಿದ್ದೇನೆ ಅಂದುಕೊಳ್ಳಿ. ಊರು, ನದಿ, ಇಸವಿಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಕಾಫಿ ಆದ ಮೇಲೆ ನಡೆಯುತ್ತೀರಿ. ಅವರದು ನಿಧಾನ, ಎಡ ಮಂಡಿ ಸವೆದಿದೆ. ಬ್ಲಫ್ ಅಂದರೆ ಮಳವಳ್ಳಿ ತಾಲ್ಲೂಕಿನ ತೆಂಕಣ ತುದಿ, ಶಿವನಸಮುದ್ರದ ಈಚೆ ದಂಡೆ. ಕಾವೇರಿ ಇಲ್ಲಿ ಎರಡು ಸೀಳಾಗಿ ನಡುಗಡ್ಡೆಯನ್ನು ಬಳಸಿ, ಈ ಕಡೆ ಗಗನಚುಕ್ಕಿಯಾಗಿ, ಕೊಳ್ಳೇಗಾಲದ ಕಡೆ ಭರಚುಕ್ಕಿಯಾಗಿ ಬೀಳುತ್ತಾಳೆ. ನಡುಗಡ್ಡೆಯಲ್ಲಿ ಮಧ್ಯರಂಗ ಮಲಗಿದ್ದಾನೆ, ಮರ್ದಾನೆ ಗೈಬ್ ದರ್ಗಾ ಇದೆ. ಈ ದಡದಲ್ಲಿ ಕಾಲುವೆ, ಕೊಳವೆ, ಕೆಳಗೆ ಕಮರಿಯಲ್ಲಿ ಪವರ್‌ಹೌಸ್. 1902ರ ಜೂನ್ 30ರಂದು ಇಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಕ್ಕೂ ಮೂರು ವರ್ಷ ಆದ ಮೇಲೆ, 1905ರಲ್ಲಿ. ಇದಕ್ಕೆಲ್ಲ ಹಟ ಹಿಡಿದ ದಿವಾನ್ ಶೇಷಾದ್ರಿ ಅಯ್ಯರ್ ಆ ಮೊದಲ ವಿದ್ಯುತ್ತನ್ನೂ ನೋಡಲಿಲ್ಲ, 1901ರಲ್ಲೇ ತೀರಿಕೊಂಡರು.

ಆಪ್ರೇಟ್ರ ಅಪ್ಪ ಈ ಕಾಲುವೆಯ ಹೂಳೆತ್ತಿದ ಕೂಲಿ. ಮಗ ಐಟಿಐ ಓದಿ ಅದೇ ಕಾಲುವೆಯ ನೀರು ತಿರುಗಿಸುವ ಮಿಶಿನ್ ಮುಂದೆ ಕೂತರು. ಅರವತ್ತಕ್ಕೆ ನಿವೃತ್ತಿ, ಕ್ವಾರ್ಟರ್ಸ್ ಖಾಲಿ ಮಾಡಿ ಊರಂಚಿನಲ್ಲಿ ಮನೆ. "ಮೊದಲ್ನೇ ವರ್ಸ ಕಷ್ಟ ಆಯ್ತು ಸಾ. ರಾತ್ರಿ ಶಿಫ್ಟಿನ ಟೈಮಿಗೆ ಸರ್ಯಾಗಿ ಎಚ್ಚರ. ಎದ್ದು ಏನ್ ಮಾಡೋದು? ಎದ್ದು ಎದ್ದು ಕೂತ್ಕಳೋದು." ಆ ಎಚ್ಚರವೇ ಮುಂದೆ ಅಭ್ಯಾಸಕ್ಕೆ ಒದಗಿತು. ಅಧ್ಯಾತ್ಮ ಬೇಕು ಅಂತ ಅವರೇನೂ ಹುಡುಕಿಕೊಂಡು ಹೋಗಲಿಲ್ಲ. ನಿದ್ದೆ ಬರಲಿಲ್ಲ, ಅಷ್ಟೆ.

ಬೆಂಗಳೂರಿನ ಮಗ ಅವರನ್ನು ತುಮಕೂರು ರಸ್ತೆಯಾಚೆ ಆಲೂರಿನ ಧಮ್ಮ ಪಫುಲ್ಲ ಕೇಂದ್ರಕ್ಕೆ ಬಿಟ್ಟು ಬಂದ. ಹತ್ತು ದಿನದ ವಿಪಶ್ಶನ. ಫೋನು ತೆಗೆದಿಟ್ಟುಕೊಳ್ಳುತ್ತಾರೆ. ಮಾತಿಲ್ಲ, ಸನ್ನೆಯೂ ಇಲ್ಲ. ಬೆಳಗಿನ ನಾಲ್ಕಕ್ಕೆ ಗಂಟೆ, ದಿನಕ್ಕೆ ಹತ್ತು ಗಂಟೆಗೂ ಮೀರಿ ಕೂರಬೇಕು. ಮಧ್ಯಾಹ್ನದ ಊಟವಾದರೆ ಮುಗಿಯಿತು. ಸಂಜೆ ಹೊಸಬರಿಗೆ ಹಣ್ಣು, ಚಹಾ. ಶುಲ್ಕ ಇಲ್ಲ, ಮುಗಿದ ಮೇಲೆ ಮನಸ್ಸಿಗೆ ಬಂದರೆ ದಾನ. ಈ ಪದ್ಧತಿಯನ್ನು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ತಂದ ಗೋಯೆಂಕಾ ಮಾಂಡಲೆಯ ವ್ಯಾಪಾರಿ ಮನೆತನದವರು, ಬಿಡದ ತಲೆನೋವಿಗೆ ಮದ್ದು ಹುಡುಕುತ್ತಾ ಇದಕ್ಕೆ ಬಂದವರು. ಅವರಿಗೆ ಕಲಿಸಿದ ಊ ಬಾ ಖಿನ್ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಅಂದರೆ ಕಾವಿ ಉಟ್ಟವರಲ್ಲ, ಕಚೇರಿ ಸಂಸಾರ ಎರಡೂ ಇದ್ದವರು. ಇದು ಆಪ್ರೇಟ್ರಿಗೆ ಬಹಳ ಹಿಡಿಸಿದ ಸಂಗತಿ. "ಅಕೌಂಟ್ಸ್ ನೋರು ಮಾಡ್ಬೋದು ಅಂದ್ರೆ ಯಾರ್ ಬೇಕಾದ್ರೂ ಮಾಡ್ಬೋದು."

ಆದರೆ ಈ ಸೀಮೆಯಲ್ಲಿ ಬುದ್ಧನ ಬಳಿಗೆ ಹೋಗುವ ದೊಡ್ಡ ದಾರಿ ಅದಲ್ಲ. ಅದು ಬಾಬಾಸಾಹೇಬರ ದಾರಿ. ಮನೆಯ ನಡುಮನೆಯಲ್ಲಿ ನೀವು ರಾತ್ರಿಯೇ ನೋಡಿದಿರಿ: ನೀಲಿ ಕೋಟಿನ ಅಂಬೇಡ್ಕರ್, ಪಕ್ಕದಲ್ಲಿ ಬುದ್ಧ. ನಲವತ್ತು ವರ್ಷದಿಂದ ಅಂಬೇಡ್ಕರ್ ಇದ್ದರು. ಬುದ್ಧ ಬಂದು ಸೇರಿದ್ದು ಈಚೆಗೆ. ಎರಡು ದಾರಿಗಳಿಗೂ ಒಳಗೊಳಗೆ ಅಷ್ಟಾಗಿ ಹೊಂದುವುದಿಲ್ಲ. ಗೋಯೆಂಕಾ ಅವರ ಕೇಂದ್ರದಲ್ಲಿ ಧರ್ಮಾಂತರದ ಮಾತಿಲ್ಲ, ಯಾರೂ ಏನನ್ನೂ ಬಿಡಬೇಕಿಲ್ಲ. ಅಂಬೇಡ್ಕರರಿಗೆ ಬಿಡುವುದೇ ಮುಖ್ಯ. ದುಃಖದ ಕಾರಣ ನಿನ್ನೊಳಗಿನ ಆಸೆಯಲ್ಲಿದೆ ಎಂದು ಒಬ್ಬ ಶ್ರೀಮಂತನಿಗೆ ಹೇಳುವುದು ಬೇರೆ, ಕೆರೆ ನೀರು ಮುಟ್ಟಲು ಬಿಡದ ಊರಿನ ಮನುಷ್ಯನಿಗೆ ಹೇಳುವುದು ಬೇರೆ. 'ಬುದ್ಧ ಮತ್ತು ಆತನ ಧಮ್ಮ'ದ ಮುನ್ನುಡಿಯಲ್ಲೇ ಅವರು ನಾಲ್ಕು ಆರ್ಯಸತ್ಯಗಳನ್ನು ತಕರಾರಿಗೆ ಎಳೆದಿದ್ದಾರೆ. ಅವು ಬುದ್ಧನ ಮೂಲ ಬೋಧೆಯೇ ಹೌದೇ ಎಂದು ಕೇಳಿದ್ದಾರೆ. ಆಪ್ರೇಟ್ರು ಬೆಳಿಗ್ಗೆ ಗೋಯೆಂಕಾ, ಮಿಕ್ಕ ಹೊತ್ತು ಅಂಬೇಡ್ಕರ್. ಪಂಡಿತರು ಇದನ್ನು ಕಲಬೆರಕೆ ಅನ್ನಬಹುದು. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ. ಐವತ್ತು ದಾಟಿದವರಿಗೆ ಎಷ್ಟೋ ಊರಿನ ನೀರು ಕುಡಿದ ಅಭ್ಯಾಸ ಇರುತ್ತದೆ.

ಅಂಬೇಡ್ಕರರೂ ಇಳಿವಯಸ್ಸಿನಲ್ಲೇ ಬೌದ್ಧರಾದವರು ಎಂಬುದನ್ನು ನಾವು ಮರೆಯುತ್ತೇವೆ. ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಘೋಷಿಸಿದ್ದು 1935ರ ಅಕ್ಟೋಬರಿನಲ್ಲಿ. ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14ರಂದು. ನಡುವೆ ಇಪ್ಪತ್ತೊಂದು ವರ್ಷದ ಓದು, ಯೋಚನೆ, ಸಂವಿಧಾನ. ನಾಗಪುರದ ಆ ಬೆಳಗಿನಲ್ಲಿ ಅವರಿಗೆ ಅರವತ್ತೈದು. ಸಕ್ಕರೆ ಕಾಯಿಲೆ, ಕಾಲಿನ ನರಗಳ ನೋವು. ಬಿಳಿ ರೇಷ್ಮೆ ಧೋತಿ, ಬಿಳಿ ಕೋಟು, ಕೈಯಲ್ಲಿ ಕೋಲು. ಕುಶಿನಗರದಿಂದ ಬಂದ ವೃದ್ಧ ಭಿಕ್ಷು ಚಂದ್ರಮಣಿ ಪಾಳಿಯಲ್ಲಿ ಹೇಳಿಕೊಟ್ಟದ್ದನ್ನು ಪತ್ನಿ ಸವಿತಾರೊಂದಿಗೆ ಹೇಳಿದರು. ಆಮೇಲೆ ತಾವೇ ತಿರುಗಿ ನಿಂತು ಲಕ್ಷಗಟ್ಟಲೆ ಜನಕ್ಕೆ ದೀಕ್ಷೆ ಕೊಟ್ಟು ಇಪ್ಪತ್ತೆರಡು ಪ್ರತಿಜ್ಞೆ ಬೋಧಿಸಿದರು. ಬೌದ್ಧರಾಗಿ ಅವರು ಬದುಕಿದ್ದು ಅಲ್ಲಿಂದ ಐವತ್ಮೂರು ದಿನ. ಡಿಸೆಂಬರ್ 6ಕ್ಕೆ ಮುಗಿಯಿತು.

"ಐವತ್ಮೂರು ದಿನ," ಎನ್ನುತ್ತಾರೆ ಆಪ್ರೇಟ್ರು. "ನಂಗೆ ಅದ್ಕಿಂತ ಜಾಸ್ತಿ ಸಿಕ್ಕದೆ. ಇನ್ನೇನ್ ಬೇಕು."

ಗಗನಚುಕ್ಕಿಯ ನೋಟದ ಕಟ್ಟೆ ಬಂತು. ಮೇ ತಿಂಗಳು, ಜಲಪಾತ ಅನ್ನುವಂಥದ್ದೇನಿಲ್ಲ. ಕರಿಬಂಡೆಗಳ ಮೈಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಗೆರೆ. ಬರುವ ನೀರಿನಲ್ಲಿ ಪವರ್‌ಹೌಸಿನ ಪಾಲು ಕಾಲುವೆಗೆ ಹೋಗುತ್ತದೆ. ಪ್ರವಾಸಿಗಳ ಗಲಾಟೆ ಇನ್ನೂ ಶುರುವಾಗಿಲ್ಲ. ಜೋಳ ಸುಡುವ ಹೆಂಗಸು ಇದ್ದಿಲು ಹೊತ್ತಿಸುತ್ತಿದ್ದಾಳೆ, "ಆಪ್ರೇಟ್ರೇ, ಜೈಭೀಮ್" ಎನ್ನುತ್ತಾಳೆ. ಅವರು ಕೈ ಮುಗಿಯುತ್ತಾರೆ. ಅವರ ಅಪ್ಪ ಇದೇ ಊರ ಬೀದಿಯಲ್ಲಿ ಎದುರು ಸಿಕ್ಕವರಿಗೆ 'ಬುದ್ದೀ' ಎಂದು ಬಾಗುತ್ತಿದ್ದರಂತೆ.

ಕಟ್ಟೆ ಮೇಲೆ ಕೂತು ಅವರು ಚೀಲದಿಂದ ಅಂಬೇಡ್ಕರರ ಪುಸ್ತಕ ತೆಗೆಯುತ್ತಾರೆ. ಹಾಳೆಗಳು ಹಿಟ್ಟಾಗುವಷ್ಟು ಸವೆದಿವೆ, ಪೆನ್ಸಿಲ್ ಗೆರೆ ಎಲ್ಲೆಲ್ಲೂ. ಓದುವುದಿಲ್ಲ, ಬಾಯಲ್ಲೇ ಹೇಳುತ್ತಾರೆ. ಹೇಳುತ್ತಿರುವುದು ಯಾವುದೆಂದು ನಿಮಗೆ ಗೊತ್ತಾಗಲು ಒಂದು ನಿಮಿಷ ಬೇಕು.

ನಾವು ಶಾಲೆಯಲ್ಲಿ ಕಲಿತ ಕಥೆಯಲ್ಲಿ ಸಿದ್ಧಾರ್ಥ ರಥ ಹತ್ತಿ ಹೊರಟು ಒಬ್ಬ ಮುದುಕನನ್ನು, ಒಬ್ಬ ರೋಗಿಯನ್ನು, ಒಂದು ಹೆಣವನ್ನು, ಒಬ್ಬ ಸನ್ಯಾಸಿಯನ್ನು ನೋಡಿ ಅರಮನೆ ಬಿಡುತ್ತಾನೆ. ಅಂಬೇಡ್ಕರ್ ಇದನ್ನು ಒಪ್ಪುವುದಿಲ್ಲ. ಇಪ್ಪತ್ತೊಂಬತ್ತು ವರ್ಷದವರೆಗೆ ಒಬ್ಬ ಮುದುಕನನ್ನೂ ಕಾಣದವನು ಇರುತ್ತಾನೆಯೇ ಎಂಬುದು ಅವರ ತಕರಾರು. ಅವರ ಪ್ರಕಾರ ಸಿದ್ಧಾರ್ಥ ಮನೆ ಬಿಟ್ಟದ್ದು ನೀರಿನ ಜಗಳಕ್ಕೆ. ಶಾಕ್ಯರಿಗೂ ಕೋಲಿಯರಿಗೂ ನಡುವೆ ರೋಹಿಣಿ ನದಿ. ಎರಡು ಕಡೆಯವರ ಹೊಲಕ್ಕೂ ಅದೇ ನೀರು. ಯಾರು ಮೊದಲು, ಯಾರಿಗೆ ಎಷ್ಟು ಎಂದು ಪ್ರತಿವರ್ಷ ಕಿತ್ತಾಟ. ಒಂದು ವರ್ಷ ಆಳುಗಳು ಹೊಡೆದಾಡಿಕೊಂಡರು, ಶಾಕ್ಯ ಸಂಘ ಯುದ್ಧಕ್ಕೆ ಕರೆ ಕೊಟ್ಟಿತು. ಸಿದ್ಧಾರ್ಥ ಎದ್ದು ನಿಂತು ಬೇಡ ಎಂದ. ತಪ್ಪು ಯಾರ ಕಡೆಯದು ವಿಚಾರಿಸೋಣ, ಎರಡೂ ಕಡೆಯಿಂದ ಜನ ಕೂತು ತೀರ್ಮಾನಿಸಲಿ ಎಂದ. ಮತ ಹಾಕಿದರು. ಸಿದ್ಧಾರ್ಥ ಸೋತ. ಸಂಘದ ಮಾತು ಮೀರಿದವನಿಗೆ ಶಿಕ್ಷೆ ಇತ್ತು. ಕುಟುಂಬದ ಹೊಲಗದ್ದೆ ಹೋಗದಿರಲಿ ಎಂದು ಅವನೇ ಪರಿವ್ರಾಜಕನಾಗಿ ದೇಶ ಬಿಟ್ಟ.

ಇದನ್ನು ದೆಹಲಿಯಲ್ಲಿ ಕೂತು ಓದಿದರೆ ಒಂದು ವ್ಯಾಖ್ಯಾನ. ಮಂಡ್ಯ ಜಿಲ್ಲೆಯಲ್ಲಿ, ಕಾವೇರಿಯ ತಲೆಯ ಮೇಲೆ ಕೂತು ಕೇಳಿದರೆ ಬೆನ್ನಿನಲ್ಲಿ ಏನೋ ಸರಿದಾಡುತ್ತದೆ.

ಈ ಬಂಡೆಗಳ ಮೇಲಿಂದ ಇಳಿದ ನೀರು ಬಿಳಿಗುಂಡ್ಲು ದಾಟಿ ಮೆಟ್ಟೂರಿಗೆ ಹೋಗುತ್ತದೆ. ಕನ್ನಂಬಾಡಿ ಕಟ್ಟೆ ಕಟ್ಟಲು ಇದ್ದ ಕಾರಣಗಳಲ್ಲಿ ಶಿವನಸಮುದ್ರದ ಮಿಶಿನ್ನುಗಳಿಗೆ ಬೇಸಿಗೆಯಲ್ಲೂ ನೀರು ಸಿಗಲಿ ಎಂಬುದೂ ಒಂದು; 1924ರ ಕಾವೇರಿ ಒಪ್ಪಂದದ ಬೇರು ಆ ಕಟ್ಟೆಯಲ್ಲಿದೆ. ಆಪ್ರೇಟ್ರು ಬೆಳಕಿಗಾಗಿ ತಿರುಗಿಸಿದ ನೀರೇ ಜಗಳಕ್ಕೂ ತಿರುಗಿತ್ತು. 1991ರ ಡಿಸೆಂಬರ್, 2002, 2012, 2016. ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದದ್ದು, ಮಂಡ್ಯದಲ್ಲಿ ಹೆದ್ದಾರಿ ಬಂದಾದದ್ದು. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕ ತಮಿಳುನಾಡಿಗೆ ಬಿಡಬೇಕಾದ ನೀರನ್ನು ವರ್ಷಕ್ಕೆ 177.25 ಟಿಎಂಸಿ ಎಂದು ಗೊತ್ತುಮಾಡಿತು. ಮಳೆ ಕೈಕೊಟ್ಟ ವರ್ಷ ಆ ಅಂಕಿಯನ್ನು ಹಿಡಿದುಕೊಂಡು ಮತ್ತೆ ರಸ್ತೆಗೆ ಇಳಿಯುತ್ತಾರೆ.

"ನೀವೂ ಹೋಗಿದ್ರಾ?" ನೀವು ಕೇಳುತ್ತೀರಿ.

"ಓಗ್ದೆ ಇರಕ್ಕಾದದಾ ಸಾ? ಗದ್ದೆ ಅದೆ, ಅಣ್ಣತಮ್ಮಂದ್ರು ಅವ್ರೆ. ಕೂಗಿದ್ದೀನಿ ನಾನೂವೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ್ಲೂ ನೀರು ಬುಡಿ ಅನ್ನಕಿಲ್ಲ. ನಮ್ ಭತ್ತ ಒಣಗ್ದಾಗ ಯಾರ್ ಬಂದಿದ್ರು? ಆದ್ರೆ ಈ ಪುಸ್ತಕ ಓದುದ್ ಮ್ಯಾಲೆ ಒಂದ್ ತಾಪತ್ರಯ ಶುರು ಆಗದೆ. ಅಲ್ಲಿ ಕೆಳಗಡೆ ನನ್ನಂಗೆ ಒಬ್ಬ ಕೂತವ್ನೆ, ಅವನ್ ಪೈರೂ ಒಣಗ್ತದೆ ಅಂತ ಗ್ಯಾನ ಬತ್ತದೆ. ಮೊದ್ಲು ಬತ್ತಿರ್ನಿಲ್ಲ."

ಶಾಂತಿ ಸಿಕ್ಕಿತೇ ಎಂದು ಕೇಳಲು ಬಂದವರು ನೀವು. ನಿವೃತ್ತಿಯಾಯಿತು, ಮಕ್ಕಳು ದಡ ಸೇರಿದರು, ಇನ್ನು ನೆಮ್ಮದಿಗೆ ಧ್ಯಾನ ಎಂಬ ಒಂದು ಲೆಕ್ಕ ನಮ್ಮಲ್ಲೆಲ್ಲ ಇದೆ. ಎದುರಿಗೆ ಕೂತವರು ತಮಗೆ ತಾಪತ್ರಯ ಶುರುವಾಯಿತು ಎನ್ನುತ್ತಿದ್ದಾರೆ. ಆ ಪ್ರಶ್ನೆಯನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತೀರಿ.

ಕೊಳ್ಳೇಗಾಲದ ಬಸ್ಸು ಹತ್ತಿದಾಗ ಬಿಸಿಲು ಏರಿದೆ. ಸೇತುವೆ ದಾಟಿದರೆ ಜಿಲ್ಲೆ ಬದಲು. ದೂರದಲ್ಲಿ ಹಳೆಯ ವೆಸ್ಲಿ ಸೇತುವೆಯ ಕಲ್ಲುಕಂಬಗಳು. ಈಚಿನ ಪ್ರವಾಹದಲ್ಲಿ ಒಂದಷ್ಟು ಕೊಚ್ಚಿಹೋಗಿವೆ. ಸತ್ತೇಗಾಲದಲ್ಲಿ ಬಿಳಿ ಸೀರೆಯ ಮೂವರು ಅಜ್ಜಿಯರು ಹತ್ತುತ್ತಾರೆ, ಕೈಯಲ್ಲಿ ತಾವರೆ ಮೊಗ್ಗು, ಊದಿನಕಡ್ಡಿ. ಎಲ್ಲರೂ ಆಪ್ರೇಟ್ರಿಗೆ ಗೊತ್ತು. ಕಿಟಕಿಯಾಚೆ ಮರೂನು ಬಟ್ಟೆಯ ಒಬ್ಬ ಲಾಮಾ ಬೈಕಿನಲ್ಲಿ ಹೋಗುತ್ತಾರೆ. ಕೊಳ್ಳೇಗಾಲದಾಚೆ ಒಡೆಯರಪಾಳ್ಯದಲ್ಲಿ 1970ರ ದಶಕದಿಂದಲೂ ಟಿಬೆಟಿಯನ್ನರಿದ್ದಾರೆ, ದೊಡ್ಡ ಮಠವಿದೆ. ಆ ಬೌದ್ಧರಿಗೂ ಈ ಬೌದ್ಧರಿಗೂ ಒಡನಾಟ ಅಷ್ಟಕ್ಕಷ್ಟೆ. ಅಶೋಕನ ಕಾಲದಲ್ಲಿ ಮಹಾದೇವನೆಂಬ ಥೇರ ಮಹಿಷಮಂಡಲಕ್ಕೆ ಧಮ್ಮ ತಂದ ಎಂದು ಸಿಂಹಳದ ಮಹಾವಂಶ ಹೇಳುತ್ತದೆ. ಮಹಿಷಮಂಡಲ ಅಂದರೆ ಮೈಸೂರು ಸೀಮೆಯೇ ಎಂದು ಅನೇಕ ವಿದ್ವಾಂಸರ ಮತ. ಬಸ್ಸಿನಲ್ಲಿ ಈ ವಿಚಾರ ತೆಗೆದರೆ ಅಜ್ಜಿಯೊಬ್ಬರು, "ಅಂಗಾರೆ ಇದು ನಮ್ದೇಯ, ತಿರ್ಗಾ ಬಂದದೆ" ಎಂದು ವಿಷಯ ಮುಗಿಸುತ್ತಾರೆ.

ಕೊಳ್ಳೇಗಾಲದ ಜೇತವನ ಬುದ್ಧವಿಹಾರದಲ್ಲಿ ಹುಣ್ಣಿಮೆಯ ಜನ. ಚಪ್ಪಲಿಗಳ ರಾಶಿ, ನೆಲಕ್ಕೆ ಜಮಖಾನ, ಗೋಡೆಗೆ ಒರಗಿಸಿಟ್ಟ ಮಡಚುವ ಕುರ್ಚಿಗಳು. ಮಂಡಿ ಹೋದವರೆಲ್ಲ ಕುರ್ಚಿಯ ಸಾಲಿನಲ್ಲಿ ಒಟ್ಟಾಗುತ್ತಾರೆ. ಅಲ್ಲೊಂದು ಪಿಸುಮಾತಿನ ಚರ್ಚೆ: ಹುಣ್ಣಿಮೆಯ ದಿನ ಎಂಟು ಶೀಲ ತೆಗೆದುಕೊಂಡರೆ ಎಂಟನೆಯದು ಎತ್ತರದ ಐಷಾರಾಮಿ ಆಸನ ಬೇಡ ಎನ್ನುತ್ತದೆ, ಪ್ಲಾಸ್ಟಿಕ್ ಕುರ್ಚಿ ಎತ್ತರವೋ, ಐಷಾರಾಮಿಯೋ? ನಿವೃತ್ತ ಮೇಷ್ಟ್ರೊಬ್ಬರ ತೀರ್ಪು: "ಇದ್ರ ಮೇಲೆ ಅರ್ಧ ಗಂಟೆ ಕೂತು ನೋಡಿ, ಐಷಾರಾಮ ಅಂತ ಯಾರಾದ್ರೂ ಹೇಳ್ತಾರಾ?"

ಅದಕ್ಕಿಂತ ಗಂಭೀರವಾದದ್ದು ಆರನೆಯ ಶೀಲ, ನಡುಹಗಲು ಕಳೆದ ಮೇಲೆ ಊಟವಿಲ್ಲ. ಇಲ್ಲಿರುವ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ. ರಾತ್ರಿ ಮಾತ್ರೆಗೆ ಮುಂಚೆ ಏನಾದರೂ ಹೊಟ್ಟೆಗೆ ಬೀಳಲೇಬೇಕು. ಭಿಕ್ಷುಗಳ ನಿಯಮಗ್ರಂಥವಾದ ವಿನಯದಲ್ಲಿ ಇದಕ್ಕೊಂದು ಸಂದು ಇದೆ: ಅಸ್ವಸ್ಥನಾದ ಭಿಕ್ಷು ಹೊತ್ತಲ್ಲದ ಹೊತ್ತಿನಲ್ಲೂ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಈ ಐದನ್ನು ಔಷಧಿಯಾಗಿ ತೆಗೆದುಕೊಳ್ಳಬಹುದು. ಬೆಲ್ಲ! ಆಲೆಮನೆಯ ಸೀಮೆಯವರಿಗೆ ಬುದ್ಧ ಕೊಟ್ಟ ರಿಯಾಯಿತಿ, ಆದರೆ ಸಕ್ಕರೆ ಕಾಯಿಲೆಯವರಿಗೆ ಅದೇ ಆಗದ ಪದಾರ್ಥ. ಆಪ್ರೇಟ್ರು ಐದು ಶೀಲಕ್ಕೇ ನಿಂತುಬಿಟ್ಟಿದ್ದಾರೆ. "ಉಳಿದ ಮೂರು ನನ್ ಶುಗರ್ ವಾಸಿ ಆದ್ ಮ್ಯಾಲೆ."

ಪಾಳಿ ಪಠಣ ಶುರುವಾಗುತ್ತದೆ. ಭಂತೇಜಿ ಒಂದು ತುಂಡು ಹೇಳುತ್ತಾರೆ, ಜನ ಹಿಂದೆ ಹೇಳುತ್ತಾರೆ. ಬುದ್ಧನಿಗೆ, ಧಮ್ಮಕ್ಕೆ, ಸಂಘಕ್ಕೆ ಶರಣು, ಮೂರು ಮೂರು ಸಲ. ಆಮೇಲೆ ಶೀಲಗಳು. ಕೊಲ್ಲುವುದಿಲ್ಲ, ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ... ಸುತ್ತಲಿನ ದನಿಗಳ ಜೊತೆ ನಿಮ್ಮ ತುಟಿಯೂ ಆಡುತ್ತಿದೆ ಎಂದು ನಿಮಗೆ ತಡವಾಗಿ ಗೊತ್ತಾಗುತ್ತದೆ. ಐದನೆಯದು, ಮದ್ಯದ್ದು, ಬರುವ ಹೊತ್ತಿಗೆ ಕೆಮ್ಮು ಬಂದಂತೆ ಮಾಡಿ ನಿಲ್ಲಿಸುತ್ತೀರಿ. ಪಕ್ಕದ ಅಜ್ಜಿ ನೋಡಿಬಿಟ್ಟರು. ಅವರ ಹಲ್ಲಿಲ್ಲದ ಬಾಯಿಯಲ್ಲಿ ಪಾಳಿಯ ಮಹಾಪ್ರಾಣಗಳೆಲ್ಲ ಗಾಳಿಯಾಗಿ ಹೋಗುತ್ತಿವೆ, ಆದರೆ ಒಂದು ಅಕ್ಷರ ಬಿಟ್ಟಿಲ್ಲ. ಓದು ಬರೆಹ ಇಲ್ಲವಂತೆ. ಎಲ್ಲ ಕಿವಿಯಿಂದ ಕಲಿತದ್ದು.

ಇಳಿವಯಸ್ಸಿನಲ್ಲಿ ಬಂದವರ ಬಗ್ಗೆ ಹಳೆಯ ಗ್ರಂಥಗಳಿಗೆ ಭಾವುಕತೆ ಇಲ್ಲ. ಮುದುಕನಾಗಿ ಪ್ರವ್ರಜ್ಯೆ ಪಡೆದವನಲ್ಲಿ ವಿನಯ, ಕಲಿಯುವ ಗುಣ, ಹೇಳಿದ್ದನ್ನು ಸರಿಯಾಗಿ ಹಿಡಿಯುವ ಗುಣ ಸಿಗುವುದು ಅಪರೂಪ ಎಂದು ಅಂಗುತ್ತರ ನಿಕಾಯದಲ್ಲಿ ಬುದ್ಧನೇ ಹೇಳುತ್ತಾನೆ. ಅದಕ್ಕೊಂದು ಉದಾಹರಣೆಯೂ ಇದೆ. ಬುದ್ಧ ತೀರಿಕೊಂಡ ಸುದ್ದಿ ದಾರಿಯಲ್ಲಿ ಮುಟ್ಟಿದಾಗ ಭಿಕ್ಷುಗಳು ಅಳುತ್ತಿದ್ದರೆ ಸುಭದ್ದನೆಂಬ ಮುದಿ ಭಿಕ್ಷು, ಇನ್ನು ಅದು ಮಾಡಬೇಡ ಇದು ಮಾಡಬೇಡ ಎನ್ನುವವರಿಲ್ಲ, ಅಳುವುದೇಕೆ ಎಂದನಂತೆ. ಕೇಳಿದ ಹಿರಿಯ ಭಿಕ್ಷು ಮಹಾಕಸ್ಸಪ ಗಾಬರಿಯಾಗಿ ಮೊದಲ ಸಂಗೀತಿ, ಅಂದರೆ ಭಿಕ್ಷುಗಳ ಸಭೆ, ಕರೆದ ಎಂದು ಪರಂಪರೆ. ಒಬ್ಬ ತಡವಾಗಿ ಬಂದವನ ಬಾಯಿಚಪಲದಿಂದ ಇಡೀ ಬೋಧನೆ ಒಟ್ಟುಗೂಡಿತು! ಅದೇ ದಿನಗಳಲ್ಲಿ ಅದೇ ಹೆಸರಿನ ಇನ್ನೊಬ್ಬನೂ ಇದ್ದ. ಸಾಲವೃಕ್ಷಗಳ ಕೆಳಗೆ ಬುದ್ಧ ಕೊನೆಯುಸಿರು ಎಳೆಯುತ್ತಿದ್ದಾಗ ಪರಿವ್ರಾಜಕ ಸುಭದ್ದ ಒಂದು ಪ್ರಶ್ನೆ ಕೇಳಬೇಕೆಂದು ಬಂದ. ಬುದ್ಧನ ಸೇವೆಯಲ್ಲಿದ್ದ ಆನಂದ ಮೂರು ಸಲ ತಡೆದ. ಬುದ್ಧ ಬಿಡು ಎಂದ. ಅವನೇ ಕೊನೆಯ ಶಿಷ್ಯ.

ನನಗೆ ಇವರಿಬ್ಬರಿಗಿಂತ ಇಷ್ಟವಾದವಳು ಸೋಣಾ. ಹತ್ತು ಮಕ್ಕಳ ತಾಯಿ. ಗಂಡ ಸಂಘ ಸೇರಿದ, ಆಸ್ತಿ ಮಕ್ಕಳಿಗೆ ಹಂಚಿದಳು, ಹಂಚಿದ ಮೇಲೆ ಮಕ್ಕಳು ಅವಳನ್ನು ಕೇಳುವವರಿಲ್ಲ. ಮುದುಕಿಯಾಗಿ ಭಿಕ್ಷುಣಿಯಾದಳು. ಅಲ್ಲೂ ಮೈಮುರಿಯುವ ಕೆಲಸ. ರಾತ್ರಿ ಹೊತ್ತು, ಕತ್ತಲಲ್ಲಿ ತಲೆ ತಾಗದಿರಲಿ ಎಂದು ಕಂಬವನ್ನು ಒಂದು ಕೈಯಲ್ಲಿ ಹಿಡಿದು ಅದರ ಸುತ್ತ ನಡೆಯುತ್ತಾ ಅಭ್ಯಾಸ ಮಾಡಿದಳು. ವೀರ್ಯದಲ್ಲಿ, ಅಂದರೆ ಬಿಡದ ಛಲದಲ್ಲಿ, ಭಿಕ್ಷುಣಿಯರಲ್ಲೆಲ್ಲ ಅಗ್ರಗಣ್ಯೆ ಎಂದು ಬುದ್ಧ ಹೇಳಿದ್ದು ಅವಳನ್ನು. ಕುರ್ಚಿಯ ಸಾಲಿನಲ್ಲಿ ಗೋಡೆ ಹಿಡಿದು ಎದ್ದು ನಿಲ್ಲುತ್ತಿರುವ ಈ ಅಜ್ಜಿಯರಿಗೆ ಯಾರಾದರೂ ಆ ಕಥೆ ಹೇಳಿದ್ದಾರೋ ಇಲ್ಲವೋ.

ವಾಪಸು ಬ್ಲಫ್‌ಗೆ ಬರುವಾಗ ಸಂಜೆ. ಮುದ್ದೆ, ಹುರುಳಿಕಾಳಿನ ಉಪ್ಸಾರು, ಒರಳಿನ ಖಾರ. ಬಡಿಸುತ್ತಿರುವ ಅಮ್ಮ ಆಪ್ರೇಟ್ರ ಅಕ್ಕನ ಮಗಳೇ. ಮದುವೆಯಾಗಿ ನಲವತ್ತು ವರ್ಷವಾದರೂ 'ಮಾವ' ಎಂದೇ ಕರೆಯುವುದು. ವಿಹಾರಕ್ಕೆ ಆಕೆ ಬಂದಿಲ್ಲ. ವಿರೋಧವೇನಿಲ್ಲ, ಗಂಡ ಕುಡಿಯುವುದು ಬಿಟ್ಟದ್ದು ಬುದ್ಧನಿಂದ ಎಂದು ಎದುರಿಗೇ ಒಪ್ಪುತ್ತಾರೆ. ಆದರೆ ಅವರ ಮನೆ ಸಿದ್ದಪ್ಪಾಜಿಯ ಒಕ್ಕಲು. ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ, ಚಂದ್ರಮಂಡಲ, ಪಂಕ್ತಿಸೇವೆ. ಮರಿ ಕೊಯ್ದು, ಅಡಿಗೆ ಮಾಡಿ, ಜಾತಿ ಕುಲ ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದು. ಪ್ರಾಣಿಬಲಿ ಕೂಡದೆಂದು ಜಿಲ್ಲಾಡಳಿತ ತಡೆಯುತ್ತದೆ, ಇದು ಬಲಿಯಲ್ಲ ಊಟ ಎಂದು ಒಕ್ಕಲಿನವರು ವಾದಿಸುತ್ತಾರೆ. ಸಿದ್ದಪ್ಪಾಜಿಯ ಕಥೆ ನಡೆದದ್ದೂ ದೂರದಲ್ಲಲ್ಲ. ಗುರು ಮಂಟೇಸ್ವಾಮಿ ಹೇಳಿದರೆಂದು ಕಬ್ಬಿಣದ ಭಿಕ್ಷೆಗೆ ಹೋಗಿ ಹಿಂಸೆ ಉಂಡದ್ದು ಇದೇ ಮಳವಳ್ಳಿ ತಾಲ್ಲೂಕಿನ ಹಲಗೂರಿನ ಪಾಂಚಾಳರ ಬೀದಿಯಲ್ಲಿ. ಆಪ್ರೇಟ್ರು ಹುಡುಗನಾಗಿದ್ದಾಗ ನೀಲಗಾರರ ತಂಬೂರಿ ಹಿಂದೆ ರಾತ್ರಿಯಿಡೀ ಕೂತು ಕೇಳಿದ ಕಥೆ.

"ಆ ಇಪ್ಪತ್ತೆರಡು ಪ್ರತಿಜ್ಞೇಲಿ ನಮ್ ಸಿದ್ದಪ್ಪಾಜಿ ಹೆಸ್ರು ಎಲ್ಲದೆ ತೋರ್ಸು ಮಾವ," ಎನ್ನುತ್ತಾರೆ ಅಮ್ಮ, ಸಾರು ಹಾಕುತ್ತಾ. ಇದು ಹೊಸ ಜಗಳವಲ್ಲ, ನಿಮ್ಮ ಮುಂದೆ ಮತ್ತೊಮ್ಮೆ ಆಡಿ ತೋರಿಸುತ್ತಿದ್ದಾರೆ.

"ಮೂರ್ನೇದ್ರಲ್ಲಿ ಅದೆ ಕಣವ್ವ. ಗೌರಿ, ಗಣಪತಿ, ಇನ್ ಮಿಕ್ಕ ದೇವ್ರು ದಿಂಡ್ರು ಯಾವೂ ಬ್ಯಾಡ ಅಂತ."

"ಸಿದ್ದಪ್ಪಾಜಿ ದೇವ್ರು ಅಂತ ನಿಂಗ್ಯಾರ್ ಹೇಳಿದ್ದು? ಗುರು ಕಣ ಅವ್ನು. ನಿನ್ ಬುದ್ಧನಂಗೇಯ."

ಆಪ್ರೇಟ್ರು ಮುದ್ದೆ ಮುರಿಯುವುದನ್ನು ನಿಲ್ಲಿಸುತ್ತಾರೆ. ಗೋಯೆಂಕಾ ಕೇಂದ್ರದ ಹತ್ತು ದಿನ, ಕೊಳ್ಳೇಗಾಲದ ಹುಣ್ಣಿಮೆಗಳು, ಪೆನ್ಸಿಲ್ ಗೆರೆ ಎಳೆದ ಪುಸ್ತಕ, ಯಾವುದರಲ್ಲೂ ಇದಕ್ಕೆ ಉತ್ತರ ಇದ್ದಂತಿಲ್ಲ. ಕೊನೆಗೆ, "ಬತ್ತೀನಿ ಬುಡು. ಅಕ್ಕಿ ಮೂಟೆ ನಾನೇ ಹೊತ್ಕಂಡ್ ಬತ್ತೀನಿ. ಸಾಲಲ್ಲಿ ಕೂತು ಉಣ್ತೀನಿ. ಮರಿ ಹಗ್ಗ ಮಾತ್ರ ಹಿಡಿಯಕಿಲ್ಲ."

"ತಿನ್ಬೋದು, ಹಿಡೀಬಾರ್ದಾ? ಒಳ್ಳೇ ಧರ್ಮ."

"ನನಗೋಸ್ಕರ ಕೊಯ್ದದ್ದಾದ್ರೆ ತಿನ್ನಕೂ ಇಲ್ಲ. ಭಿಕ್ಷುಗಳಿಗೆ ಅಂಗೆ ನೇಮ ಅದೆ."

"ನಿನಗೋಸ್ಕರ ಯಾರ್ ಕೊಯ್ತಾರೆ? ಸಿದ್ದಪ್ಪಾಜಿಗೋಸ್ಕರ ಕೊಯ್ಯೋದು." ಅಮ್ಮ ಸಾರಿನ ಸೌಟು ಹಿಡಿದು ನಿಮ್ಮ ಕಡೆ ತಿರುಗುತ್ತಾರೆ. "ಹಗ್ಗ ಈ ಸಾರು ಹಿಡ್ಕತ್ತಾರೆ ಬುಡು. ಏನ್ ಸಾ, ನೀವೇನ್ ಇವತ್ತು ಶೀಲ ಗೀಲ ತಕಂಡ್ ಬಂದಿಲ್ವಲ್ಲ?"